ಬಾಗಿಲಿಲ್ಲದ ಬಾಳೆ

ಗಿಡದ ಡಾಕ್ಟರಮ್ಮ ಎರಡನೇ ಸಲ ಬಂದಾಗ ಗೊನೆ ತೂಕದ ಶೆಡ್ಡಿನಲ್ಲಿ ನಿಂತು ಹೇಳಿದ್ದು ಎರಡು ಮಾತು. ಜನ ನೆನಪಿಟ್ಟುಕೊಂಡದ್ದು ಒಂದೇ. ಒಂದೇಟಣ್ಣನಿಗೆ ಇವತ್ತಿಗೂ ಇರುವ ಸಿಟ್ಟು ಇದೇ. ಯಾರಾದರೂ ಬಾಳೆಯ ಸುದ್ದಿ ತೆಗೆದರೆ ಸಾಕು, ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಮೊದಲನೇ ಮಾತು ಏನಿತ್ತು ಅದನ್ನು ಹೇಳಿ ನೋಡೋಣ ಎಂದು ಶುರು ಮಾಡುತ್ತಾನೆ. ಯಾರೂ ಹೇಳುವುದಿಲ್ಲ. ಹೇಳುತ್ತಿದ್ದವನು ಒಬ್ಬನೇ, ಅವನು ಈಗಿಲ್ಲ.

ಒಂದೇಟಣ್ಣನ ಕಸುಬು ಗೊನೆ ಕಡಿಯುವುದು. ಗುಡ್ಡದ ಇಳಿಜಾರಿನಲ್ಲಿ ಒಂದರ ಕೆಳಗೊಂದು ಆರು ಬಾಳೆತೋಟಗಳಿವೆ, ಆರಕ್ಕೂ ಅವನೇ. ಅದೇನು ಮಹಾ ಕೆಲಸ ಅನ್ನುವವರು ಒಂದು ಸಲ ಮಾಡಿ ನೋಡಬೇಕು. ಗಿಡದ ಎದೆಮಟ್ಟಕ್ಕೆ ಹದವಾಗಿ ಒಂದು ಕಚ್ಚು ಹಾಕಬೇಕು. ಕಚ್ಚು ಆಳವಾದರೆ ಗಿಡ ದಬಕ್ಕನೆ ಬೀಳುತ್ತದೆ, ಕಡಿಮೆಯಾದರೆ ಬಗ್ಗುವುದೇ ಇಲ್ಲ. ಗಿಡ ನಿಧಾನಕ್ಕೆ ಬಾಗಿ ಗೊನೆ ಹೆಗಲ ಮಟ್ಟಕ್ಕೆ ಬಂದ ಗಳಿಗೆಯಲ್ಲಿ ಅದರ ದಂಟನ್ನು ಒಂದೇ ಏಟಿಗೆ ಕಡಿದು, ನೆಲ ಮುಟ್ಟುವ ಮುಂಚೆ ಎಡಹೆಗಲಿಗೆ ತೆಗೆದುಕೊಳ್ಳಬೇಕು. ಎರಡನೇ ಏಟು ಬಿತ್ತೋ, ಗೊನೆ ಅಲ್ಲಾಡಿ ಕಾಯಿಗೆ ಕಾಯಿ ಉಜ್ಜಿ ಸಿಪ್ಪೆ ಕಪ್ಪಾಗುತ್ತದೆ. ಅವನಿಗೆ ಎರಡನೇ ಏಟು ಬಿದ್ದದ್ದನ್ನು ನೋಡಿದವರಿಲ್ಲ. ಹೆಸರು ಬಂದದ್ದು ಹಾಗೆ. ದೊಡ್ಡವರಿಗೆ ಒಂದೇಟು, ಚಿಕ್ಕವರಿಗೆ ಒಂದೇಟಣ್ಣ.

ಕತ್ತಿ ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರ ಬಡಿದು ಕೊಟ್ಟದ್ದು, ಹಿಡಿಗೆ ಸೈಕಲ್ ಟ್ಯೂಬಿನ ಸುತ್ತು. ದಿನಾ ಸಂಜೆ ಕಲ್ಲಿಗೆ ಮಸೆದು, ಬಟ್ಟೆಯಲ್ಲಿ ಒರೆಸಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದ. ಆ ಕತ್ತಿಗೆ ಮಾಡುವ ಸೇವೆಯಲ್ಲಿ ಕಾಲುಭಾಗ ತನಗೆ ಮಾಡಿದ್ದರೆ ತನ್ನ ಸೊಂಟನೋವು ಎಂದೋ ಹೋಗುತ್ತಿತ್ತು ಎಂದು ಹೆಂಡತಿ ಅಂದುಕೊಂಡೇ ದೀಪ ಹಚ್ಚುತ್ತಿದ್ದಳು. ಶಾಲೆ ಅವನಿಗೆ ನಾಲ್ಕನೇ ಕ್ಲಾಸಿಗೆ ಮುಗಿದಿತ್ತು. ಮೇಷ್ಟ್ರ ಕುರ್ಚಿಗೆ ಸ್ಲೇಟು ಬೀಸಿ ಎಸೆದದ್ದೇ ಅಲ್ಲಿ ಅವನ ಕೊನೆಯ ಪಾಠ. ಸಿಟ್ಟು ಮೂಗಿನ ತುದಿಯಲ್ಲಿ ಅಂತಾರಲ್ಲ, ಇವನದು ಅಷ್ಟು ದೂರವೂ ಹೋಗಬೇಕಾಗಿರಲಿಲ್ಲ.

ಅವನನ್ನು ಸಾಕಿದ್ದು ಅಕ್ಕ. ಅಮ್ಮ ಹಾಸಿಗೆ ಹಿಡಿದಿದ್ದಳು, ಅಪ್ಪನ ವಿಷಯ ಬೇಡ. ಅಕ್ಕ ಮದುವೆಯಾಗಿ ಈ ಇಳಿಜಾರಿಗೆ ಬಂದಾಗ ಒಂದು ಟ್ರಂಕಿನ ಜೊತೆ ಹತ್ತು ವರ್ಷದ ತಮ್ಮನನ್ನೂ ತಂದಳು. ಭಾವ ಎರಡನ್ನೂ ಗಾಡಿಯಿಂದ ಇಳಿಸಿಕೊಂಡು, ಟ್ರಂಕಿಗೆ ಬೀಗ ಇದೆ, ಇವನ ಬಾಯಿಗೆ ಇಲ್ಲವಲ್ಲ ಅಂದಿದ್ದನಂತೆ. ಅವತ್ತಿನಿಂದ ಭಾವನ ಬಾಯಲ್ಲಿ ಇವನು ಟ್ರಂಕು. ಇವನ ತಲೆ ನರೆತ ಮೇಲೂ ಟ್ರಂಕೇ.

ಭಾವ ಸಾಕುತ್ತಿದ್ದದ್ದು ಜೇನು. ಮನೆಯ ಹಿಂದಿನ ದಿಬ್ಬದಲ್ಲಿ ನಾಲ್ಕು ನಾಲ್ಕು ಕಲ್ಲು ಜೋಡಿಸಿ, ಅದರ ಮೇಲೆ ಒಂದೊಂದು ಪೆಟ್ಟಿಗೆ. ಒಟ್ಟು ಇಪ್ಪತ್ತೆರಡು. ಮಾತು ನಿಧಾನ, ನಡಿಗೆ ಅದಕ್ಕಿಂತ ನಿಧಾನ. ಜೇನುನೊಣದ ಜೊತೆ ಬದುಕುವವನು ಜೋರಾಗಿ ಕೈ ಬೀಸಿದರೆ ಮುಖ ಬುರುಬುರು ಅಂತ ಊದುತ್ತದಲ್ಲ, ಹಾಗಾಗಿ ಬಂದ ನಿಧಾನ ಅದು. ಒಂದೇಟಣ್ಣ ಅಕ್ಕನ ಮನೆ ಬಿಟ್ಟು ಎರಡು ಮನೆ ಆಚೆ ಸಂಸಾರ ಹೂಡಿದ ಮೇಲೂ, ಬೆಳಗ್ಗೆ ತೋಟಕ್ಕೆ ಹೋಗುವಾಗ ಅದೇ ದಿಬ್ಬದ ಮೇಲೆ ಹಾದು, ಭಾವನ ಹತ್ತಿರ ಒಂದು ಜಗಳ ಆಡಿಯೇ ಮುಂದೆ ಹೋಗುತ್ತಿದ್ದ. ಅದು ಜಗಳವಲ್ಲ, ಅವರಿಬ್ಬರ ನಮಸ್ಕಾರ.

ರೋಗ ಮೊದಲು ಕಾಣಿಸಿದ್ದು ಎಲ್ಲಕ್ಕಿಂತ ಮೇಲಿನ ತೋಟದಲ್ಲಿ, ಹಳ್ಳದ ಬದಿಯ ಏಳು ಗಿಡಗಳಲ್ಲಿ. ಗೊನೆಯ ತುದಿಯಲ್ಲಿ ನೇತಾಡುವ ಕೆಂಗಪ್ಪು ಹೂಮೂತಿ ಬಾಡಿ ಸುಕ್ಕಾಯಿತು. ಆಮೇಲೆ ಎಳೆಕಾಯಿ ಹೊತ್ತಿಗೆ ಮುಂಚೆ ಹಳದಿಯಾದವು. ಕೊಯ್ದು ನೋಡಿದರೆ ಒಳಗೆ ತುಕ್ಕಿನ ಬಣ್ಣ. ದಂಟು ಕಡಿದರೆ ಕಡಿದ ಜಾಗದಲ್ಲಿ ಹಳದಿ ಕೀವು ಜಿನುಗಿತು. ನಲವತ್ತು ವರ್ಷ ಬಾಳೆ ಬೆಳೆದವರೂ ಅಂಥದ್ದನ್ನು ನೋಡಿರಲಿಲ್ಲ. ಕೀವುರೋಗ ಅಂತ ಅವರೇ ಹೆಸರಿಟ್ಟರು.

ಪೇಟೆಯ ಕೃಷಿ ಆಫೀಸಿನಿಂದ ಗಿಡದ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಗಿಡಕ್ಕೆ ಡಾಕ್ಟರು ಅಂದರೆ ಸೂಜಿ ಚುಚ್ಚುತ್ತಾರಾ ಎಂದು ತಮಾಷೆ ಮಾಡಿದವರೆಲ್ಲ ಅವರ ಸುತ್ತ ನಿಂತರು. ಅವರು ತೂಕದ ಶೆಡ್ಡಿನ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನೀರು ಇಟ್ಟು, ರೋಗದ ದಂಟಿನ ಒಂದು ತುಂಡನ್ನು ಅದರಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತಿಗೆ ತುಂಡಿನಿಂದ ದಾರದ ಹಾಗೆ ಹಾಲುಬಣ್ಣದ ಎಳೆ ನೀರಿಗೆ ಇಳಿಯಿತು. ಆ ಎಳೆಯಲ್ಲಿ ಇರುವುದೇ ರೋಗ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಕೋಟಿಗಟ್ಟಲೆ ಅಂದರು. ಹೇಗೆ ಬಂತು ಎಂದು ಯಾರೋ ಕೇಳಿದರು. ಬಾಳೆಯ ಮೂತಿಯಿಂದ ದಿನಕ್ಕೊಂದು ಎಸಳು ಉದುರುತ್ತದೆ, ಉದುರಿದ ಜಾಗ ಹಸಿಗಾಯ. ಸಿಹಿ ಹುಡುಕಿಕೊಂಡು ಬರುವ ಹುಳಗಳು ರೋಗದ ಹೂವಿನ ಮೇಲೆ ಕೂತು, ಅಂಟಿಸಿಕೊಂಡು, ಮುಂದಿನ ಹೂವಿನ ಗಾಯದ ಮೇಲೆ ಕೂರುತ್ತವೆ ಅಂದರು. ಯಾವ ಹುಳ ಅಂದರೆ, ನೊಣ, ಕಣಜ, ಜೇನುನೊಣ.

ಜೇನು ಅಂದ ತಕ್ಷಣ ಶೆಡ್ಡು ಗುಜುಗುಜು ಅಂದಿತು. ಮೇಲಿನ ತೋಟದಿಂದ ಭಾವನ ದಿಬ್ಬಕ್ಕೆ ಕೂಗಳತೆ. ಭಾವ ಅವತ್ತು ಶೆಡ್ಡಿಗೆ ಬಂದಿರಲಿಲ್ಲ.

ಡಾಕ್ಟರಮ್ಮ ಕೈ ಎತ್ತಿ ಮದ್ದು ಹೇಳಿದರು. ಗೊನೆಯ ಕೊನೆಯ ಚಿಪ್ಪು ಮೂಡಿದ ಕೂಡಲೇ ಮೂತಿಯನ್ನು ತೆಗೆದುಬಿಡಿ, ಹೂವೇ ಇಲ್ಲದಿದ್ದರೆ ಹುಳ ಬಂದು ಏನು ಮಾಡುತ್ತದೆ. ಆದರೆ ಕತ್ತಿ ಬೇಡ, ತುದಿ ಇಬ್ಬಾಗವಾದ ಕವೆಗೋಲಿಗೆ ಸಿಕ್ಕಿಸಿ ತಿರುಚಿ ಮುರಿಯಿರಿ ಅಂದರು. ಎಲ್ಲರ ಕಣ್ಣೂ ಒಂದೇಟಣ್ಣನ ಕಡೆ ತಿರುಗಿತು. ಅವನು ಸೊಂಟದ ಕತ್ತಿ ಮುಟ್ಟಿ ನೋಡಿಕೊಂಡು ಎದ್ದುನಿಂತ.

"ಕೋಲು ಹಿಡಿಯೋ ವಯಸ್ಸು ನನಗಿನ್ನೂ ಬಂದಿಲ್ಲ ಡಾಕ್ಟರಮ್ಮ."

ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ಕತ್ತಿ ಯಾಕೆ ಬೇಡ ಅನ್ನುವುದನ್ನು ಡಾಕ್ಟರಮ್ಮ ಹೇಳಿದ್ದು ಆ ನಗುವಿನ ನಡುವೆ. ಅವರ ತುಟಿ ಆಡಿದ್ದನ್ನು ಒಂದೇಟಣ್ಣ ನೋಡಿದ, ಮಾತು ಕೇಳಿಸಲಿಲ್ಲ. ಮುಂದಿನ ಬೆಂಚಿನವರಿಗೆ ಕೇಳಿಸಿರಲೇಬೇಕು ಅನ್ನುವುದು ಅವನ ಇನ್ನೊಂದು ದೂರು. ಕೇಳಿಸಿದ್ದರೂ ಅವರು ಬಾಯಿ ಬಿಡಲಿಲ್ಲ, ಯಾಕೆಂದರೆ ಮರುದಿನವೇ ಅವನು ಆರೂ ತೋಟದ ಮೂತಿಗಳನ್ನು ಬಿಟ್ಟಿಯಾಗಿ ಕಡಿದುಕೊಡುತ್ತೇನೆ ಅಂದ.

ಅದಕ್ಕೂ ಮೊದಲು ಅವನು ಮಾಡಿದ ಕೆಲಸ ಬೇರೆ ಇತ್ತು. ಶೆಡ್ಡಿನಿಂದಲೇ ನಾಲ್ಕು ಜನ ತೋಟದವರನ್ನು ಕಟ್ಟಿಕೊಂಡು ಅಕ್ಕನ ಮನೆಗೆ ಹೋದ. ಅಕ್ಕ ಎಲ್ಲರಿಗೂ ನೀರು ಕೊಟ್ಟಳು. ಭಾವ ಜಗುಲಿಯಲ್ಲಿ ಕೂತು ಪೆಟ್ಟಿಗೆಯ ಚೌಕಟ್ಟಿಗೆ ತಂತಿ ಬಿಗಿಯುತ್ತಿದ್ದ. ಇವರು ಪೆಟ್ಟಿಗೆಗಳು ಇಲ್ಲಿಂದ ಹೋಗಬೇಕು ಅಂದರು. ಭಾವ ತಂತಿ ಬಿಗಿಯುವುದನ್ನು ಬಿಡದೆ, ತನ್ನ ನೊಣ ಹೋದರೆ ಕಾಡುನೊಣ ಬರುತ್ತದೆ, ಕಣಜ ಬರುತ್ತದೆ, ಹೂವು ಇರುವ ತನಕ ಹುಳ ಬಂದೇ ಬರುತ್ತದೆ ಅಂದ. ಮೂತಿ ತೆಗೆದರೆ ಸಾಕು ಅಂತ ಡಾಕ್ಟರಮ್ಮನೇ ಹೇಳಿದ್ದಾರಂತಲ್ಲ ಅಂದ.

"ಕಾಡಿನದ್ದಕ್ಕೆ ಯಾರನ್ನ ಕೇಳಲಿ ಭಾವ? ಪೆಟ್ಟಿಗೆಯದ್ದಕ್ಕೆ ನಿನ್ನನ್ನ ಕೇಳ್ತಾ ಇದ್ದೀನಿ."

ಭಾವ ಆಗ ಕೈಯಲ್ಲಿದ್ದುದನ್ನು ಕೆಳಗಿಟ್ಟ. ಜೊತೆಗೆ ಬಂದ ನಾಲ್ವರನ್ನು ನೋಡಲಿಲ್ಲ, ಇವನನ್ನೇ ನೋಡಿದ. "ಎಲ್ಲಿಗೆ ಒಯ್ಯಬೇಕು ಅಂತೀಯೋ ಟ್ರಂಕು?"

ಒಯ್ದದ್ದು ಒಂದು ಮೈಲಿ ಆಚೆಯ ಕಲ್ಲುಕ್ವಾರಿಯ ಹಿಂದಕ್ಕೆ. ಅಷ್ಟು ದೂರ ಸಾಲದು, ನೊಣಕ್ಕೆ ಹಳೇ ಜಾಗ ಮರೆಯುವುದಿಲ್ಲ ಎಂದು ಭಾವ ಹೇಳಿದ. ಇನ್ನೂ ದೂರ ಹೋಗಲು ಗಾಡಿಯವನು ಒಪ್ಪಲಿಲ್ಲ. ನೊಣವೆಲ್ಲ ಒಳಗಿರುವಾಗ, ಬೆಳಕು ಹರಿಯುವ ಮುಂಚೆ, ಭಾವ ಒಂದೊಂದು ಪೆಟ್ಟಿಗೆಯ ಬಾಗಿಲಿಗೂ ಹಸಿಹುಲ್ಲು ತುರುಕಿದ. ಒಂದೇಟಣ್ಣ ಒಂದೊಂದನ್ನೇ ಗೊನೆ ಹೊರುವ ಅದೇ ಎಡಹೆಗಲ ಮೇಲೆ ಹೊತ್ತು ಗಾಡಿಗೆ ಇಟ್ಟ. ಒಳಗಿನ ಗುಂಯ್ ಸದ್ದು ಕಿವಿಗೆ ತಾಕುತ್ತಿತ್ತು. ಇಪ್ಪತ್ತೆರಡು ಸಲ ತಾಕಿತು.

ಕ್ವಾರಿಯ ಹಿಂದೆ ಹೂವು ಅನ್ನುವುದು ಇರಲಿಲ್ಲ, ಇದ್ದ ನಾಲ್ಕು ಪೊದೆಯ ಮೇಲೆ ಕಲ್ಲುಪುಡಿ. ಮೂರನೇ ದಿನಕ್ಕೆ ಮೇಯಲು ಹೊರಟ ನೊಣಗಳು ವಾಪಸು ಅಕ್ಕನ ದಿಬ್ಬಕ್ಕೇ ಬಂದವು. ಪೆಟ್ಟಿಗೆ ಇಲ್ಲ. ಖಾಲಿ ಕಲ್ಲುಗಳ ಮೇಲೆ ಮುಷ್ಟಿ ಮುಷ್ಟಿ ಗಾತ್ರಕ್ಕೆ ಗುಂಪುಕಟ್ಟಿ ಕೂತವು. ಅಕ್ಕ ತಟ್ಟೆಯಲ್ಲಿ ಬೆಲ್ಲದ ನೀರು ಇಟ್ಟಳು. ಎರಡು ದಿನ ಕೂತಿದ್ದು ಉದುರಿದವು. ಅಕ್ಕ ಗುಡಿಸಿದಳು. ಕ್ವಾರಿಯಲ್ಲಿ ಉಳಿದ ಪೆಟ್ಟಿಗೆಗಳಿಂದ ಕೆಲವು ಹಿಂಡು ಎದ್ದು ಹೋದವು, ಬಲ ಕುಂದಿದ ಉಳಿದವನ್ನು ಮೇಣದ ಹುಳ ತಿಂದಿತು. ಹೂ ಹುಡುಕಿಕೊಂಡು ಹೋಗಲು ಭಾವನಿಗೆ ಬೇರೆ ಊರಿನಲ್ಲಿ ಜಾಗ ಇರಲಿಲ್ಲ. ಒಂದೂವರೆ ತಿಂಗಳಿಗೆ ಇಪ್ಪತ್ತೆರಡೂ ಬರೀ ಮರದ ಪೆಟ್ಟಿಗೆ.

ಇತ್ತ ಒಂದೇಟಣ್ಣ ಮೂತಿ ಕಡಿದ. ಸೋಮವಾರ ಮೇಲಿನ ತೋಟದಿಂದ ಶುರು, ರೋಗ ಇದ್ದದ್ದು ಅಲ್ಲೇ ಅಲ್ಲವಾ, ಮೊದಲು ಅದನ್ನೇ ಮುಗಿಸಬೇಕು. ಹಳ್ಳದ ಬದಿಯ ಏಳು ಗಿಡದ ಬಾಡಿದ ಮೂತಿ ಕಡಿದು, ಅಲ್ಲಿಂದ ಸಾಲು ಹಿಡಿದು ಕೆಳಗೆ ಬಂದ. ಒಂದು ಮೂತಿಗೆ ಒಂದೇ ಏಟು. ಹನ್ನೆರಡು ದಿನದಲ್ಲಿ ಆರು ತೋಟ. ದಾರಿಯಲ್ಲಿ ಅಕ್ಕನ ಹಿತ್ತಲು ಸಿಕ್ಕಿತು. ಅಲ್ಲಿ ಎಂಟು ಮೊಂಡಬಾಳೆ ಇದ್ದವು. ಆ ಜಾತಿಯ ಮೂತಿ ಒಂದು ಎಸಳನ್ನೂ ಉದುರಿಸುವುದಿಲ್ಲ, ಒಣಗಿದರೂ ಹಿಡಿದುಕೊಂಡೇ ಇರುತ್ತದೆ, ಅದಕ್ಕೇ ಆ ಹೆಸರು. ಅಕ್ಕ ಅವು ಇರಲಿ ಬಿಡು ಅಂದಳು. ಪೆಟ್ಟಿಗೆ ಹೋದಾಗಿನಿಂದ ಅಕ್ಕನ ಮಾತು ಬಿಗಿಯಾಗಿತ್ತು, ಏನಾದರೂ ಒಂದು ಕೆಲಸ ಮಾಡಿಕೊಟ್ಟು ಸಡಿಲ ಮಾಡಬೇಕು ಅಂತ ಇವನಿಗೆ. ಬೇಡ ಬೇಡ ಅಂದರೂ ಎಂಟನ್ನೂ ಕಡಿದು, ಅಂಗಳ ಗುಡಿಸಿಕೊಟ್ಟು ಹೋದ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಆರೂ ತೋಟಗಳಲ್ಲಿ ಎಲೆ ಹಳದಿಯಾಗಿ ಜೋತುಬಿದ್ದವು. ಏಳು ಇದ್ದದ್ದು ನಾನ್ನೂರ ಏಳಾಯಿತು. ಒಂದೇಟಣ್ಣ ಕಾಡುಕಣಜಗಳನ್ನು ಬೈದ, ಕೆಳಗಿನ ತೋಟದವನ ಗೊಬ್ಬರವನ್ನು ಬೈದ, ಗಾಳಿಯನ್ನೂ ಬೈದ. ಬೈಯಲು ಇನ್ನೇನೂ ಉಳಿಯದೆ ಇದ್ದ ಒಂದು ಬೆಳಗ್ಗೆ ಭಾವ ದಿಬ್ಬದಿಂದ ಕೂಗಿ ಕರೆದ. ಪೆಟ್ಟಿಗೆ ಹೋದ ಮೇಲೆ ಭಾವ ಅವನನ್ನು ಕರೆದದ್ದು ಅದೇ ಮೊದಲು.

ಹಿತ್ತಲಿನ ಎಂಟು ಮೊಂಡಬಾಳೆಯೂ ಸೊರಗಿ ನಿಂತಿದ್ದವು. ಭಾವನ ಕೈಯಲ್ಲಿ, ಅವತ್ತು ಕಡಿದು ಬೇಲಿಯ ಮೂಲೆಗೆ ಎಸೆದಿದ್ದ ಒಂದು ಒಣ ಮೂತಿ ಇತ್ತು. ಅದನ್ನು ಇವನ ಮುಖದ ಮುಂದೆ ತಿರುಗಿಸಿ ತಿರುಗಿಸಿ ತೋರಿಸಿದ. ಎಸಳೆಲ್ಲ ಹಾಗೇ ಒಂದರ ಮೇಲೊಂದು ಬಿಗಿದುಕೊಂಡಿದ್ದವು.

"ಇದರಲ್ಲಿ ಗಾಯ ಎಲ್ಲಿದೆ ತೋರಿಸು. ಎಸಳು ಬಿದ್ದರೆ ತಾನೇ ಬಾಗಿಲು? ಇದಕ್ಕೆ ಬಾಗಿಲೇ ಇಲ್ಲ. ನನ್ನ ನೊಣ ಇದರೊಳಗೆ ಹೇಗೆ ಹೋಯ್ತು?"

ಕಣಜ ಹೋಗಿರಬಹುದು ಅಂದ ಇವನು.

"ಕಣಜಕ್ಕೆ ಬೇರೆ ಬಾಗಿಲು ಇದೆಯಾ?"

ಭಾವ ಮೂತಿಯನ್ನು ಬೇಲಿಗೆ ಎಸೆದು ಗಿಡದ ಹತ್ತಿರ ಹೋದ. ಮೂತಿ ಕಡಿದ ಜಾಗ ಕಪ್ಪಾಗಿತ್ತು, ಅಲ್ಲಿಂದ ಗೊನೆಯ ಒಳಕ್ಕೆ ತುಕ್ಕಿನ ಬಣ್ಣ ಇಳಿದಿತ್ತು. ಬಾಗಿಲು ಇದು, ಎಂದು ಬೆರಳಿಟ್ಟು ತೋರಿಸಿದ. ನೀಟಾದ ಒಂದೇ ಏಟು. ಆಮೇಲೆ ಭಾವ ಕೇಳಿದ್ದು ಇಷ್ಟೇ: ಸೋಮವಾರ ಎಲ್ಲಿ ಶುರು ಮಾಡಿದೆ, ಮಂಗಳವಾರ ಯಾವ ಸಾಲು, ರಜೆ ಯಾವತ್ತು. ಇವನು ಹೇಳುತ್ತ ಹೋದ ಹಾಗೆ, ಗಿಡಗಳು ಬಾಡಿದ್ದೂ ಅದೇ ಸಾಲಿನಲ್ಲಿ, ಅದೇ ವರಸೆಯಲ್ಲಿ ಅನ್ನುವುದು ಅವನಿಗೇ ಕಾಣಿಸತೊಡಗಿತು. ಹುಳ ಸಾಲು ಹಿಡಿದು ಹೋಗುವುದಿಲ್ಲ. ಭಾನುವಾರ ರಜೆಯನ್ನೂ ಮಾಡುವುದಿಲ್ಲ.

ಒಂದೇಟಣ್ಣ ಸೊಂಟದ ಕತ್ತಿ ತೆಗೆದು ನೋಡಿದ. ಮಸೆದು ಫಳಫಳ ಅನ್ನುತ್ತಿತ್ತು, ಒಂದು ಕಲೆ ಇರಲಿಲ್ಲ. ಇಷ್ಟು ಚೊಕ್ಕಟವಾದ ಕತ್ತಿ ಆ ಇಳಿಜಾರಿನಲ್ಲಿ ಇನ್ನೊಂದು ಇರಲಿಲ್ಲ. ಅದನ್ನು ಮತ್ತೆ ಸಿಕ್ಕಿಸಿಕೊಳ್ಳಲು ಅವನಿಗೆ ಕೈ ಬರಲಿಲ್ಲ. ಹಿಡಿದುಕೊಂಡೇ ಮನೆಗೆ ಹೋದ. ಭಾವನಿಗೆ ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. ದಾರಿಯುದ್ದಕ್ಕೂ ಬಾಯಲ್ಲೇ ಇತ್ತು.

ವಾರದೊಳಗೆ ಡಾಕ್ಟರಮ್ಮ ಎರಡನೇ ಸಲ ಬಂದರು. ಆರೂ ತೋಟ ಸುತ್ತಿ, ಶೆಡ್ಡಿನಲ್ಲಿ ನಿಂತು ಆ ಎರಡು ಮಾತು ಹೇಳಿದರು. "ಮೊದಲ ಏಳು ಗಿಡಕ್ಕೆ ತಂದದ್ದು ಹುಳ. ಉಳಿದ ನಾನ್ನೂರಕ್ಕೆ ತಂದದ್ದು ಕತ್ತಿ." ರೋಗದ ಗಿಡಕ್ಕೆ ಬಿದ್ದ ಕತ್ತಿಯನ್ನು ಒರೆಸಿದರೆ ಸಾಲದು, ಬೆಂಕಿಯಲ್ಲಿ ಕಾಯಿಸಬೇಕು, ಇಲ್ಲಾ ಬ್ಲೀಚಿಂಗ್ ನೀರಿನಲ್ಲಿ ಅದ್ದಬೇಕು; ಕೋಲಾದರೆ ಆ ತಾಪತ್ರಯವಿಲ್ಲ, ರಸ ತಾಕದೆ ಮುರಿಯುತ್ತದೆ; ಅವತ್ತೇ ಹೇಳಿದ್ದೆನಲ್ಲ ಅಂದರು. ಯಾರೂ ನಗಲಿಲ್ಲ. ಎಲ್ಲರೂ ಒಂದೇಟಣ್ಣನ ಸೊಂಟ ನೋಡಿದರು. ಅಲ್ಲಿ ಕತ್ತಿ ಇರಲಿಲ್ಲ. ಇಲ್ಲದ್ದನ್ನು ನೋಡಿ ಅವರಿಗೆ ಇನ್ನೂ ಖಾತ್ರಿಯಾಯಿತು.

ಅವತ್ತು ಪೆಟ್ಟಿಗೆ ತೆಗೆಸಲು ಜೊತೆಗೆ ಬಂದಿದ್ದ ನಾಲ್ವರೂ ಅಲ್ಲಿದ್ದರು. ಅವರಲ್ಲಿ ಒಬ್ಬನೂ, ನಾವೂ ಹೋಗಿದ್ದೆವು ಅನ್ನಲಿಲ್ಲ. ಮನೆಗೆ ಹೋಗುವಷ್ಟರಲ್ಲಿ ಮೊದಲನೇ ಮಾತು ಶೆಡ್ಡಿನಲ್ಲೇ ಬಿದ್ದುಹೋಗಿತ್ತು. ಹುಳ ತಂದದ್ದು ಅಂದವರಿಲ್ಲ, ನಾನ್ನೂರ ಏಳಕ್ಕೂ ಒಂದೇಟಿನ ಕತ್ತಿಯೇ ಅಂದರು.

ರೋಗದ ಗಿಡಗಳನ್ನು ಗೆಡ್ಡೆ ಸಮೇತ ಅಗೆದು ಹೂಳಬೇಕಾಗಿತ್ತು. ಯಾರೂ ಅವನನ್ನು ಕರೆಯಲಿಲ್ಲ. ಕರೆಯದಿದ್ದರೂ ಗುದ್ದಲಿ ಹಿಡಿದು ಹೋದ. ಬಂದವನನ್ನು ಹೋಗು ಅನ್ನಲು ಧೈರ್ಯ ಇದ್ದವರೂ ಇರಲಿಲ್ಲ. ಮೂರು ತಿಂಗಳು ಅಗೆದ, ಎದುರಿಗೆ ಬಂದವರನ್ನೆಲ್ಲ ಬೈದುಕೊಂಡೇ ಅಗೆದ. ಉಳಿದ ಗಿಡಗಳಲ್ಲಿ ಹೊಸ ಗೊನೆ ಬಿಟ್ಟಾಗ, ಪೇರಲೆ ಕೊಂಬೆಯಲ್ಲಿ ಒಂದು ಕವೆಗೋಲು ಮಾಡಿಕೊಂಡು ಮೂತಿ ಮುರಿಯಲು ಹೊರಟ. ಮೊದಲ ದಿನವೇ ಶೆಡ್ಡಿನ ಯಜಮಾನ ತಕ್ಕಡಿ ಹಿಂದಿನಿಂದ, ಕೋಲು ಹಿಡಿಯೋ ವಯಸ್ಸು ಬಂತೇನಪ್ಪಾ ಅಂದ. ಒಂದೇಟಣ್ಣ ಕೋಲು ಹೆಗಲಿಗೇರಿಸಿ ತೋಟಕ್ಕೆ ಇಳಿದ. ಬೈಗುಳ ಸಾಲದೆ ಅವನು ಸುಮ್ಮನಾದದ್ದು ಅದೊಂದೇ ಸಲ ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಗೊನೆ ಕಡಿಯಲು ಕತ್ತಿ ಬೇಕೇ ಬೇಕಲ್ಲ, ಅದನ್ನೂ ಆಮೇಲೆ ತೆಗೆದ. ಆದರೆ ಒಂದು ಗಿಡ ಆದ ಮೇಲೆ ಬ್ಲೀಚಿಂಗ್ ಬಕೆಟ್ಟಿಗೆ ಅದ್ದದೆ ಇನ್ನೊಂದು ಗಿಡ ಮುಟ್ಟಲಿಲ್ಲ. ಲಾರಿಪಟ್ಟಿಯ ಹೊಳಪು ವರ್ಷದೊಳಗೆ ಹೋಯಿತು.

ಭಾವ ಖಾಲಿ ಪೆಟ್ಟಿಗೆಗಳ ಹಲಗೆ ಬಿಚ್ಚಿ ಕಿಟಕಿ ಚೌಕಟ್ಟು ಮಾಡುವ ಕೆಲಸಕ್ಕೆ ಇಳಿದಿದ್ದ. ಮುಂದಿನ ಹೂವಿನ ಕಾಲಕ್ಕೆ ಒಂದೇಟಣ್ಣ ಹಳ್ಳದಾಚೆಯ ಮರದ ಪೊಟರೆಯಲ್ಲಿ ಒಂದು ಹಿಂಡು ಕಂಡ. ಚಿಕ್ಕಂದಿನಲ್ಲಿ ಭಾವ ಕಲಿಸಿದ್ದಂತೆ ಹೊಗೆ ಹಾಕಿ, ರಾಣಿಯನ್ನು ಹಿಡಿದು, ತಾನೇ ಒಂದು ಪೆಟ್ಟಿಗೆ ಬಡಿದು ಕೂರಿಸಿದ. ಮುಖ ಕುಂಬಳಕಾಯಿಯಷ್ಟು ಊದಿತ್ತು. ಆ ಮುಖ ಹೊತ್ತುಕೊಂಡೇ ಪೆಟ್ಟಿಗೆಯನ್ನು ಅಕ್ಕನ ದಿಬ್ಬಕ್ಕೆ ತಂದು ಹಳೇ ನಾಲ್ಕು ಕಲ್ಲಿನ ಮೇಲೆ ಇಡಲು ಹೋದ. ಭಾವ ಬಂದು ಮುಚ್ಚಳ ಎತ್ತಿ ನೋಡಿದ, ರಾಣಿ ಚೆನ್ನಾಗಿದೆ ಅಂದ. ಆಮೇಲೆ ಎತ್ತಿಕೊಂಡು ಹೋಗು ಅಂದ.

"ನಾಳೆ ಇಲ್ಲಿ ಇನ್ನೊಂದು ಗಿಡ ಬಾಡಿದರೂ ಅವರೆಲ್ಲ ಮೊದಲು ನನ್ನ ಬಾಗಿಲಿಗೇ ಬರ್ತಾರೆ. ನಿನ್ನ ಮನೇಲಿ ಇರಲಿ. ನಿನ್ನ ಸಿಟ್ಟಿಗೆ ಹೆದರಿ ಅಲ್ಲಿಗೆ ಯಾರೂ ಬರಲ್ಲ. ಇಪ್ಪತ್ತೆರಡು ಆಗಲಿ, ಆಗ ನೋಡೋಣ."

ತಮಾಷೆಗೆ ಅಂದನೋ ನಿಜಕ್ಕೆ ಅಂದನೋ ತಿಳಿಯಲಿಲ್ಲ. ಒಂದೇಟಣ್ಣ ನಿಜ ಅಂತಲೇ ಹಿಡಿದುಕೊಂಡ. ವರ್ಷಕ್ಕೆ ಎರಡು, ಮೂರು ಅಂತ ಹಿಂಡು ಹಿಡಿದು ಹಿತ್ತಲಲ್ಲಿ ಇಟ್ಟ. ಆದರೆ ಜೇನು ಯಾರ ಮಾತನ್ನೂ ಕೇಳುವ ಜೀವವಲ್ಲ. ಹತ್ತಾಗುವಷ್ಟರಲ್ಲಿ ಮೂರು ಎದ್ದುಹೋಗುತ್ತಿದ್ದವು, ಹದಿನಾಲ್ಕಕ್ಕೆ ಬಂದದ್ದು ಮಳೆ ಹಿಡಿದ ವರ್ಷ ಎಂಟಕ್ಕೆ ಇಳಿಯಿತು. ಭಾವ ಮಾತ್ರ ದಿಬ್ಬದ ಮೇಲೆ ಸಿಕ್ಕಾಗಲೆಲ್ಲ, ಎಷ್ಟಾಯ್ತೋ ಟ್ರಂಕು ಎಂದು ಕೇಳುತ್ತಿದ್ದ. ಇವನು ಹೇಳುತ್ತಿದ್ದ. ಆಮೇಲೆ ನೊಣದ ಮೇಲೆ, ಮಳೆಯ ಮೇಲೆ, ಮುಚ್ಚಳದ ಹಲಗೆ ಕೊಟ್ಟ ಅಂಗಡಿಯವನ ಮೇಲೆ ಸಿಟ್ಟು ತೀರಿಸಿಕೊಂಡು ತೋಟಕ್ಕೆ ಇಳಿಯುತ್ತಿದ್ದ. ಬಾಯಲ್ಲಿದ್ದ ಆ ಮಾತು ಒಂದು ದಿನವೂ ಹೊರಗೆ ಬರಲಿಲ್ಲ. ಮೊದಲ ಏಳರ ವಿಷಯ ಎತ್ತಿ ಇವನು ಶೆಡ್ಡಿನಲ್ಲಿ ಕಿರುಚಾಡುವಾಗ, ಹೌದು, ಅವು ಏಳು ನನ್ನ ನೊಣದ್ದೇ ಇರಬಹುದು ಎಂದು ಒಪ್ಪುತ್ತಿದ್ದವನು ಭಾವ ಒಬ್ಬನೇ. ಉಳಿದ ನಾನ್ನೂರರ ಬಗ್ಗೆ ಭಾವನೂ ಯಾವತ್ತೂ ಬಾಯಿ ಬಿಡಲಿಲ್ಲ.

ಭಾವ ತೀರಿಕೊಂಡಾಗ ಲೆಕ್ಕ ಹತ್ತೊಂಬತ್ತಕ್ಕೆ ಬಂದಿತ್ತು. ಅದುವರೆಗೆ ಅಷ್ಟು ಮೇಲಕ್ಕೆ ಯಾವತ್ತೂ ಏರಿರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ, ಬೆಳಕು ಹರಿಯುವ ಮುಂಚೆ, ಒಂದು ಪೆಟ್ಟಿಗೆಯ ಬಾಗಿಲಿಗೆ ಹಸಿಹುಲ್ಲು ತುರುಕಿ ಹೆಗಲ ಮೇಲಿಟ್ಟುಕೊಂಡು ದಿಬ್ಬಕ್ಕೆ ಹೋದ. ಒಂದನ್ನು ಅಕ್ಕ ಒಪ್ಪಿಕೊಂಡರೆ ಉಳಿದ ಹದಿನೆಂಟನ್ನೂ ತಂದುಬಿಡುವುದು, ಬಾಕಿ ಮೂರನ್ನು ಆಮೇಲೆ ನೋಡಿಕೊಳ್ಳುವುದು ಎಂದು ಅವನ ಎಣಿಕೆ. ಕಲ್ಲುಗಳು ಹಾಗೇ ಇದ್ದವು, ಕೆಲವುಗಳ ಮೇಲೆ ಅಕ್ಕ ಪಾತ್ರೆ ಬೋರಲು ಹಾಕಿದ್ದಳು. ಅವಳು ಬಂದು ಹೆಗಲ ಮೇಲಿನ ಪೆಟ್ಟಿಗೆಯನ್ನು ನೋಡಿದಳು, ತಮ್ಮನ ಮುಖವನ್ನು ನೋಡಿದಳು.

"ವಾಪಸು ಒಯ್ದುಬಿಡೋ. ಅವರು ತಗೊಳ್ಳದೆ ಹೋದದ್ದನ್ನ ನಾನು ಹೇಗೆ ತಗೊಳ್ಳಲಿ?"

ಪಾತ್ರೆಗಳನ್ನು ತೆಗೆಯಲಿಲ್ಲ. ಟೀ ಕುಡಿದು ಹೋಗು ಅಂದಳು. ಅವನು ಪೆಟ್ಟಿಗೆ ಇಳಿಸದೆ, ನಿಂತೇ ಟೀ ಕುಡಿದು, ಲೋಟ ಸರಿಯಾಗಿ ತೊಳೆದಿಲ್ಲ ಎಂದು ಬೈದು, ನೊಣ ಏಳುವ ಮುಂಚೆ ಮನೆ ಮುಟ್ಟಿದ. ಆ ಪೆಟ್ಟಿಗೆ ಈಗಲೂ ಅವನ ಹಿತ್ತಲಲ್ಲೇ ಇದೆ. ಈ ವರ್ಷ ಲೆಕ್ಕ ಹದಿನೇಳು.